ನರಿ ಅಂಗಿ

ಕೇಶವಮೂರ್ತಿಗಳು ಕನ್ನಡದಲ್ಲಿ ಮಾತಾಡಿದರೆಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ. ಬೈಯುವುದಿದ್ದರೆ ಅವರಿಗೆ ಇಂಗ್ಲಿಷ್ ಇತ್ತು, ಕೆಲಸ ಹೇಳುವುದಿದ್ದರೆ ಹಿಂದಿ ಇತ್ತು, ಕನ್ನಡವನ್ನು ಮಾತ್ರ ಕೇಳಬಾರದ್ದನ್ನು ಕೇಳುವುದಕ್ಕೆಂದು ಮಡಿಯಲ್ಲಿ ಎತ್ತಿಟ್ಟಿದ್ದರು. ವನ್ಯಜೀವಿ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಅವರು ಮುರಳೀಧರನ ಹೆಸರನ್ನು ಪ್ರಬಂಧದ ತಲೆಯಿಂದ ತೆಗೆದು ಕೊನೆಯ ಪುಟದ ಕೃತಜ್ಞತೆಯ ಸಾಲಿಗೆ ಇಳಿಸಿದಾಗ ಕನ್ನಡದಲ್ಲಿ ಮಾತಾಡಿದ್ದರು. ಅದಕ್ಕೂ ಹಿಂದೆ, ಅವನ ಕಾಯಂ ನೇಮಕಾತಿಯ ಫೈಲು ಇನ್ನೊಂದು ವರ್ಷ ಮುಂದಕ್ಕೆ ಹೋದಾಗ, ಮೈಸೂರಿನಲ್ಲಿ ತಮ್ಮ ತಾಯಿ ಮಾಡುತ್ತಿದ್ದ ಮೆಂತ್ಯದ ಹಿಟ್ಟಿನ ಸುದ್ದಿಯಿಂದ ಶುರುಮಾಡಿದ್ದರು. ಹಾಗಾಗಿ ಸೋಮವಾರ ಬೆಳಿಗ್ಗೆ ದಿಲ್ಲಿಯ ಜನಕಪುರಿಯ ಮನೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದವನ ಕಿವಿಗೆ ಮೊಬೈಲಿನೊಳಗಿಂದ “ಏನ್ರೀ ಮುರಳಿ, ತಿಂಡಿ ಆಯ್ತಾ?” ಎಂಬ ಮಾತು ಬಿದ್ದಾಗ ಅವನು ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಇನ್ನೂ ಇಲ್ಲ ಸಾರ್ ಎಂದ. ತಿನ್ನಿ, ನಿಧಾನವಾಗಿ ತಿಂದು ಸ್ವಲ್ಪ ಬೇಗ ಬನ್ನಿ, ಅಂಗಿ ತರೋದು ಮಾತ್ರ ಮರೀಬೇಡಿ ಎಂದು ಅವರು ಫೋನ್ ಇಟ್ಟರು. ಯಾವ ಅಂಗಿ ಎಂದು ಕೇಳುವ ಅಗತ್ಯವಿರಲಿಲ್ಲ.

ಅದು ಬಾಲ್ಕನಿಯ ಮೂಲೆಯಲ್ಲಿ, ಮನೆಯ ಉಳಿದ ಬಟ್ಟೆಗಳಿಂದ ದೂರ, ತನ್ನದೇ ಒಂದು ತಂತಿಯ ಮೇಲೆ ಒಣಗುತ್ತಿತ್ತು. ಕಾಲರು ಸವೆದ, ಮೊಣಕೈ ತೆಳುವಾದ ನೀಲಿ ಅಂಗಿ. ಮೂರು ವರ್ಷದಿಂದ ಅದಕ್ಕೆ ಸೋಪು ತಾಗಿರಲಿಲ್ಲ. ಶುಕ್ರವಾರ ಸಂಜೆ ಅವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ಲೀಲಾ ಅದಕ್ಕೆಂದೇ ಇಟ್ಟಿದ್ದ ಒಡಕು ಬಕೆಟ್ಟಿನಲ್ಲಿ, ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಬರಿಯ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಸೋಪಿನ ವಾಸನೆ ನರಿಗಳಿಗೆ ಆಗುವುದಿಲ್ಲ ಎಂದು ಅವನು ಮೊದಲ ಸಲ ವಿವರಿಸಿದಾಗ, ನರಿಗೆ ಆಗದ್ದು ನಿಮಗೆ ತಿಳಿಯುತ್ತೆ, ಹೆಂಡತಿಗೆ ಆಗದ್ದು ತಿಳಿಯಲ್ಲ ಎಂದಿದ್ದಳು. ಏಳು ವರ್ಷದ ಮಗಳು ಸಿಂಧೂರ ಅದಕ್ಕೆ ನರಿ ಅಂಗಿ ಎಂದು ಹೆಸರಿಟ್ಟಿದ್ದಳು. ಹಿಂದಿಯಲ್ಲೇ ಬೆಳೆದ ಆ ಮಗುವಿನ ಬಾಯಿಂದ ಸಲೀಸಾಗಿ ಬರುತ್ತಿದ್ದ ಕೆಲವೇ ಕನ್ನಡ ಮಾತುಗಳಲ್ಲಿ ಅದೊಂದು. ಗುಡಗಾಂವಿನ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಲೀಲಾಳ ತಮ್ಮ ರಜತ್ ಮನೆಗೆ ಬಂದಾಗಲೆಲ್ಲ ಆ ತಂತಿಯತ್ತ ನೋಡಿ, ಭಾವನಿಗೂ ಗುಡಗಾಂವಿನಲ್ಲೇ ಕೆಲಸ, ನಾವು ಕೋಡ್ ಬರೀತೀವಿ, ಭಾವ ನರಿ ಕಕ್ಕ ತೊಳೀತಾರೆ ಎಂದು ನಗುತ್ತಿದ್ದ. ಲೀಲಾಳೂ ನಗುತ್ತಿದ್ದಳು. ನಗಬೇಡಿ ಎನ್ನಲು ಮುರಳೀಧರನಿಗೆ ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಅವನು ನಿಜವಾಗಿಯೂ ನರಿ ಕಕ್ಕ ತೊಳೆಯುತ್ತಿದ್ದ.

ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕುವಾಗ ಹಿಂದಿನಿಂದ ಟಕ್ ಟಕ್, ಆಮೇಲೆ ಸ್ವಲ್ಪ ತಡೆದು ಇನ್ನೊಂದು ಟಕ್ ಎಂಬ ಸದ್ದು ಕೇಳಿಸಿತು. ಸಿಂಧೂರ ಶಾಲೆಯ ಟೈ ಕಟ್ಟಿಸಿಕೊಳ್ಳಲು ಬಂದು ನಿಂತಿದ್ದಳು. ನಾಲಗೆಯನ್ನು ಅಂಗುಳಕ್ಕೆ ಅಂಟಿಸಿ ಬಿಡುವ ಆ ಸದ್ದು ಅವನು ನರಿಗಳಿಗೆಂದು ಮಾಡುತ್ತಿದ್ದದ್ದು. ಸಂಜೆ ಲೀಲಾ ಕೆಳಗಿನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋದಾಗ ಸಿಂಧೂರ ಒಬ್ಬಳೇ ಇರುತ್ತಿದ್ದಳು. ಯಾರು ಬೆಲ್ ಮಾಡಿದರೂ ತೆಗೆಯಬಾರದು, ಅಪ್ಪ ಟಕ್ ಟಕ್ ಮಾಡಿದರೆ ಮಾತ್ರ ತೆಗೆಯಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ದಿಲ್ಲಿಯಲ್ಲಿ ಹೆಣ್ಣುಮಗುವನ್ನಿಟ್ಟುಕೊಂಡ ಎಲ್ಲರಿಗೂ ಇರುವ ಭಯಕ್ಕೆ ಅವನು ಕಂಡುಕೊಂಡ ಉಪಾಯ ಅದು. ಆ ವಿಷಯದಲ್ಲಿ ಅವನಿಗೆ ಹೆಮ್ಮೆಯೂ ಇತ್ತು. ಕಾಡಿನ ವಿದ್ಯೆ ಮನೆಗೂ ಬಂತು ನೋಡು ಎಂದು ಲೀಲಾಳಿಗೆ ಹೇಳಿಕೊಂಡಿದ್ದ.

ಧೌಲಾ ಕುವಾಂನಲ್ಲಿ ಬಸ್ಸು ಬದಲಾಯಿಸಿ ಗುಡಗಾಂವಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಚೀಲದ ಬಾಯಿಂದ ಹೊರಟ ವಾಸನೆಗೆ ಪಕ್ಕದ ಹೆಂಗಸು ಮುಖ ತಿರುಗಿಸಿದಳು. ಅವನು ಚೀಲವನ್ನು ಇನ್ನಷ್ಟು ಬಿಗಿದ. ಮೆಟ್ರೊ ಆಗಲೇ ದ್ವಾರಕಾವರೆಗೆ ಬಂದಿತ್ತು, ಗುಡಗಾಂವಿಗೂ ಬರುತ್ತದೆ ಎನ್ನುತ್ತಿದ್ದರು. ಹೆದ್ದಾರಿಯ ಎರಡೂ ಕಡೆ ಕ್ರೇನುಗಳು ನಿಂತಿದ್ದವು. ಕೇಶವಮೂರ್ತಿಗಳಿಗೆ ಅಂಗಿ ಯಾಕೆ ಬೇಕು? ವಿದೇಶದಿಂದ ಯಾರಾದರೂ ಬರುತ್ತಿರಬಹುದು, ಹಿಂದೆಯೂ ಬಂದಿದ್ದರು, ಅವನು ಅಂಗಿ ತೊಟ್ಟು ಮುಂದೆ ಹೋಗಿದ್ದ, ಅವರು ದೂರದಿಂದ ದುರ್ಬೀನಿನಲ್ಲಿ ನೋಡಿ, ವಂಡರ್‌ಫುಲ್ ಎಂದು ಕೇಶವಮೂರ್ತಿಗಳ ಕೈ ಕುಲುಕಿದ್ದರು. ಅಷ್ಟೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅಷ್ಟಕ್ಕೆ ಕನ್ನಡ ಬೇಕಿರಲಿಲ್ಲ. ನರಿಗಳ ಅಧ್ಯಯನ ಶುರುವಾದ ಮೊದಲ ಚಳಿಗಾಲದಲ್ಲಿ ಅವನು ಇನ್ನೂ ಆಚೆ ಗುಡ್ಡದ ಮೇಲೆ ಕಾಣಿಸಿಕೊಳ್ಳುತ್ತಿದ್ದಂತೆಯೇ ನರಿಗಳು ಜಾಲಿಯ ಪೊದೆಯೊಳಗೆ ಮಾಯವಾಗುತ್ತಿದ್ದವು. ಕಾಡೆಂದರೆ ಏನು, ಅವನ ಹುಟ್ಟೂರು ಚಳ್ಳಕೆರೆಯ ಹೊರಗೆ ಬೆಳೆಯುವ ಅದೇ ಬಳ್ಳಾರಿ ಜಾಲಿ, ಅದೇ ಕಲ್ಲು, ಅದೇ ಮುಳ್ಳು. ಇಷ್ಟಕ್ಕೆ ಇಷ್ಟು ದೂರ ಬರಬೇಕಾಗಿತ್ತೇ ಎಂದು ಅಣ್ಣ ಒಮ್ಮೆ ಬಂದು ನೋಡಿ ಕೇಳಿದ್ದ. ದಿನವೂ ಅದೇ ಅಂಗಿ, ಅದೇ ದಾರಿ, ಅದೇ ಸದ್ದು. ಕೈಯಲ್ಲಿ ಕೋಲಿಲ್ಲ, ತಿನ್ನಲು ಏನೂ ಹಾಕುವುದಿಲ್ಲ, ನೇರವಾಗಿ ಕಣ್ಣಿಟ್ಟು ನೋಡುವುದಿಲ್ಲ. ಬಂದು, ಕೂತು, ಎದ್ದು ಹೋಗುವುದು. ತನ್ನಿಂದ ಏನೂ ಆಗುವುದಿಲ್ಲ ಎಂದು ಒಂದು ಪ್ರಾಣಿಗೆ ಮನದಟ್ಟು ಮಾಡಿಕೊಡುವುದೇ ಆ ಕೆಲಸ. ಇದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಮುರಳಿ, ನಿಮ್ಮಿಂದ ಯಾರಿಗೂ ಏನೂ ಆಗಲ್ಲ ಎಂದು ಕೇಶವಮೂರ್ತಿಗಳು ಊಟದ ಮೇಜಿನಲ್ಲಿ ಹೇಳಿದ್ದರು, ಎಲ್ಲರೂ ನಕ್ಕಿದ್ದರು.

ಮೂರನೆಯ ಚಳಿಗಾಲದ ಒಂದು ಮಧ್ಯಾಹ್ನ ಅವನು ದಾರಿ ತಿರುಗಿದರೆ ಎಡಗಿವಿ ಹರಿದ ಹೆಣ್ಣು ನರಿ ಬಿಸಿಲಿನಲ್ಲಿ ಅಡ್ಡ ಮಲಗಿತ್ತು. ಅದಕ್ಕೆ ಕೇಂದ್ರದವರು ಎಫ್-ಟು ಎನ್ನುತ್ತಿದ್ದರು. ಪ್ರಾಣಿಗಳಿಗೆ ಹೆಸರಿಡಬಾರದು, ಹೆಸರಿಟ್ಟರೆ ಮನಸ್ಸು ಅಂಟುತ್ತದೆ ಎಂಬುದು ಅಲ್ಲಿಯ ನಿಯಮ. ಅವನು ಮನಸ್ಸಿನೊಳಗೆ ಹರಕುಗಿವಿ ಎನ್ನುತ್ತಿದ್ದ. ಟಕ್ ಟಕ್ ಎಂದು ತಡೆದು ಮತ್ತೊಮ್ಮೆ ಟಕ್ ಎಂದ. ಅದು ಕಣ್ಣು ತೆರೆಯಿತು, ನೀನಾ ಎಂಬಂತೆ ನೋಡಿತು, ಮತ್ತೆ ಮುಚ್ಚಿಕೊಂಡಿತು. ಅವನು ಕೈ ಚಾಚಿದರೆ ತಾಗುವಷ್ಟು ಹತ್ತಿರದಿಂದ ದಾಟಿಹೋದ. ಮದುವೆಯಲ್ಲೂ ಮಗಳು ಹುಟ್ಟಿದಾಗಲೂ ಆಗದಿದ್ದ ಏನೋ ಒಂದು ಆ ಹೊತ್ತಿನಲ್ಲಿ ಅವನಿಗೆ ಆಯಿತು. ಗುಡ್ಡದ ಹಿಂದೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟ. ಆ ದಿನ ಗ್ರಾಫಿನಲ್ಲಿ ಒಂದು ಚುಕ್ಕಿಯಾಯಿತು. ನರಿ ಎದ್ದು ಓಡುವ ಮೊದಲು ಮನುಷ್ಯ ಎಷ್ಟು ಹತ್ತಿರ ಹೋಗಬಹುದು ಎಂಬ ಗ್ರಾಫು, ಬಲಗಡೆಗೆ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿತ್ತು. ಅದನ್ನು ಕೇಶವಮೂರ್ತಿಗಳು ಬರ್ಲಿನ್ನಿನಲ್ಲಿ ತೋರಿಸಿ ಬಂದರು. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅಂತಾರೆ, ನೀವು ದಿನಾ ನೋಡ್ತೀರಿ, ಎಲ್ಲಿ ಹೋಯ್ತು ಆ ಅದೃಷ್ಟ ಎಂದು ಲೀಲಾ ಆ ವಾರ ಕೇಳಿದ್ದಳು. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಿಂತು, ತಮಾಷೆಯಾಗಿಯೇ ಕೇಳಿದ್ದು. ಬರ್ಲಿನ್ನಿಗೆ ಹೋಯಿತು ಎಂದು ಹೇಳಬಹುದಿತ್ತು, ಆಗ ಹೊಳೆಯಲಿಲ್ಲ.

ಬಸ್ಸಿಳಿದವನನ್ನು ಕರೆತಂದ ಕೇಂದ್ರದ ಜೀಪು ಗೇಟಿನಲ್ಲಿ ನಿಂತಿತು. ಎಂದಿನಂತೆ ಗಂಡು ನೀಲಗಾಯಿಯೊಂದು ದಾರಿಗೆ ಅಡ್ಡ ನಿಂತು ಹಾರ್ನಿಗೂ ಜಗ್ಗಲಿಲ್ಲ. ಅಡುಗೆಮನೆಯ ಮಾಡಿನ ಮೇಲೆ ಕೋತಿಗಳು ಯಾರದೋ ಟಿಫಿನ್ ಡಬ್ಬಿಯನ್ನು ಕುಟ್ಟಿ ತೆರೆಯುತ್ತಿದ್ದವು. ನೀರಿನ ತೊಟ್ಟಿಯ ಬಳಿ ಉಡವೊಂದು ಹೊಟ್ಟೆ ತಣ್ಣಗೆ ಮಾಡಿಕೊಂಡು ಬಿದ್ದಿತ್ತು. ದಿನದಿನದ ಈ ಸಂಸಾರದ ನಡುವೆ ಇವತ್ತು ಜಾಲರಿ ಪಂಜರ ಹೊತ್ತ ಒಂದು ಟೆಂಪೊ ನಿಂತಿತ್ತು. ಅದರ ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದವರು ಬಲೆ ಹಾಕುವವರು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಬೇಲಿಯಾಚೆ, ಹೋದ ವರ್ಷ ನವಿಲು ಕುಣಿಯುತ್ತಿದ್ದ ಜಾಗದಲ್ಲಿ, ಕಟ್ಟುತ್ತಿದ್ದ ಮನೆಗಳ ಗೋಪುರ ಇನ್ನೊಂದು ಅಂತಸ್ತು ಏರಿತ್ತು. ರಜತ್ ಅಲ್ಲೇ ಒಂದು ಫ್ಲ್ಯಾಟು ಬುಕ್ ಮಾಡಿದ್ದ. ಬಾಲ್ಕನಿಯಿಂದ ಕಾಡು ಕಾಣುತ್ತದೆ ಎಂದು ಅದಕ್ಕೆ ಬೆಲೆ ಜಾಸ್ತಿಯಂತೆ.

ಕೇಶವಮೂರ್ತಿಗಳು ಬಾಗಿಲು ಹಾಕಿಸಿದರು. ದ್ವಾರಕಾದ ತಮ್ಮ ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಿದ್ದ ಫಿಲ್ಟರ್ ಕಾಫಿಯನ್ನು ಅವರು ಯಾರಿಗೂ ಕೊಟ್ಟದ್ದನ್ನು ಅವನು ಕಂಡಿರಲಿಲ್ಲ. ಇವತ್ತು ಮುಚ್ಚಳದಲ್ಲಿ ಬಗ್ಗಿಸಿ ಅವನ ಮುಂದಿಟ್ಟರು. ವಿಷಯ ಇಷ್ಟೇ. ಕಟ್ಟಡ ಕೆಲಸಗಾರರ ಶೆಡ್ಡುಗಳ ನಡುವೆ ಹಾಡುಹಗಲೇ ಕಿವಿ ಹರಿದ ನರಿಯೊಂದು ನಡೆದು ಬಂದಿತ್ತು. ಹೆಂಗಸರು ರೊಟ್ಟಿ ಸುಡುತ್ತಿದ್ದಲ್ಲಿ ಬಿದ್ದದ್ದನ್ನು ತಿಂದಿತು, ಗದರಿಸಿದರೆ ಓಡಲಿಲ್ಲ, ಕಲ್ಲೆತ್ತಿದರೂ ಓಡಲಿಲ್ಲ, ಸುಮ್ಮನೆ ನಿಂತು ನೋಡಿತು. ಯಾರನ್ನೂ ಕಚ್ಚಲಿಲ್ಲ. ಆದರೆ ಮನುಷ್ಯರನ್ನು ಕಂಡು ಓಡದ ನರಿ ಎಂದರೆ ಹುಚ್ಚು ನರಿ, ಇದು ಯಾರಿಗೆ ಗೊತ್ತಿಲ್ಲ? ಕೂಲಿಗಳು ಕೆಲಸ ಬಿಟ್ಟು ಕೂತರು, ಕಟ್ಟಡದವರು ದೂರು ಕೊಟ್ಟರು, ಹಿಡಿಯಿರಿ ಎಂದು ಅರಣ್ಯ ಇಲಾಖೆಯ ಅಧಿಕಾರಿಯಿಂದ ಆದೇಶ ಬಂತು. ಮುರಳೀಧರ ಇಲ್ಲದ ಶನಿವಾರ ಭಾನುವಾರ ಬಲೆಯವರು ಬಿಲದ ಸುತ್ತ ಸುತ್ತಿ ಒಂದು ಬಾಲವನ್ನೂ ಕಾಣಲಿಲ್ಲ. ಹರಕುಗಿವಿ ಮರಿ ಹಾಕಿದ ಮೇಲೆ ಬಿಲದ ಹತ್ತಿರ ಇನ್ನಷ್ಟು ಹುಷಾರಾಗಿತ್ತು, ಆದರೆ ಎಲ್ಲರ ವಿಷಯದಲ್ಲೂ ಅಲ್ಲ.

“ನಿಮ್ಮನ್ನ ಕಂಡ್ರೆ ಮಾತ್ರ ಅದು ಏಳಲ್ಲ,” ಎಂದರು ಕೇಶವಮೂರ್ತಿಗಳು. “ಅವರ ಪಾಡಿಗೆ ಬಿಟ್ರೆ ವಿಷ ಇಡ್ತಾರೆ, ಗುಂಡು ಹೊಡೀತಾರೆ. ನಾವೇ ನಿಂತು ಹಿಡಿಸಿದ್ರೆ ದೂರ ತೊಗೊಂಡು ಹೋಗಿ ಬಿಡ್ತಾರೆ. ಆ ಆಫೀಸರ್ ಹತ್ರ ಮಾತು ತೊಗೊಂಡಿದ್ದೀನಿ.”

“ಅದಕ್ಕೆ ಹುಚ್ಚಿಲ್ಲ ಸಾರ್. ನಾವೇ ಅಲ್ವಾ ಹಾಗೆ ಮಾಡಿದ್ದು? ಅದನ್ನ ಅವರಿಗೆ ಹೇಳಿದ್ರೆ ಮುಗೀತಲ್ಲ.”

ಕೇಶವಮೂರ್ತಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಹೇಳಿ, ಬೇಡ ಅಂದೋರು ಯಾರು ಎಂದರು. ನಾಳೆ ಅದು ಒಂದು ಮಗುವಿಗೆ ಬಾಯಿ ಹಾಕಿದರೆ, ಅಭ್ಯಾಸ ಮಾಡಿಸಿದ್ದು ನಾವೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಕೇಂದ್ರಕ್ಕೆ ಬೀಗ ಬೀಳುತ್ತದೆ, ಅಡುಗೆಯವನಿಂದ ಹಿಡಿದು ಎಲ್ಲರೂ ಬೀದಿಗೆ ಬರುತ್ತಾರೆ. ನಿಮ್ಮ ಕಾಯಂ ಫೈಲು ಈ ತಿಂಗಳೇ ಹೋಗ್ತಾ ಇದೆ, ಅದನ್ನೂ ಯೋಚನೆ ಮಾಡಿ, ಒಂದು ಮಗು ಇದೆ ನಿಮಗೆ. ಇದೆಲ್ಲವನ್ನೂ ಮನೆಯ ಹಿರಿಯರ ಧಾಟಿಯಲ್ಲಿ, ಎಲ್ಲೂ ದನಿ ಏರಿಸದೆ ಹೇಳಿದರು. ಮುಚ್ಚಳದಲ್ಲಿ ಕಾಫಿ ಕೆನೆಗಟ್ಟುತ್ತಿತ್ತು. ಕುಡಿದರೆ ಒಪ್ಪಿದ ಹಾಗೆ, ಕುಡಿಯದಿದ್ದರೆ ಅವಮಾನ ಮಾಡಿದ ಹಾಗೆ. ಅವನು ಅರ್ಧ ಕುಡಿದ. ಆಮೇಲೆ, ಆರು ವರ್ಷದಲ್ಲಿ ಮೊದಲ ಸಲ, ನಾನು ಹೋಗಲ್ಲ ಸಾರ್ ಎಂದ.

ಅಂದುಬಿಟ್ಟ ಮೇಲೆ ಮೈ ಹಗುರವಾಯಿತು. ಲೀಲಾಳಿಗೆ ಇದನ್ನು ಹೇಗೆ ಹೇಳುವುದು, ಯಾವ ಮಾತಿನಿಂದ ಶುರುಮಾಡುವುದು ಎಂದು ಅಷ್ಟರಲ್ಲೇ ಮನಸ್ಸು ಓಡಿತು. ರಜತ್ ಎದುರಿಗೇ ಹೇಳಬೇಕು, ಅವನು ಇದ್ದಾಗಲೇ ಹೇಳಬೇಕು. ಕೇಶವಮೂರ್ತಿಗಳು ಸಿಟ್ಟಾಗಲಿಲ್ಲ. ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು.

“ಬೇಡ ಬಿಡಿ. ನಿಮ್ಮ ಮನಸ್ಸು ನನಗೆ ಅರ್ಥ ಆಗಲ್ವಾ? ನೀವು ಹೋಗೋದು ಬೇಡ. ಅಂಗಿ ಕೊಟ್ಟುಬಿಡಿ, ಸಾಕು.”

ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಇಲ್ಲ ಎನ್ನುವ ಶಕ್ತಿ ಅವನಲ್ಲಿ ಒಂದೇ ಸಲಕ್ಕೆ ಆಗುವಷ್ಟಿತ್ತು, ಅದು ಆಗಲೇ ಖರ್ಚಾಗಿತ್ತು. ಅಂಗಿ ಕೇಂದ್ರದ ದುಡ್ಡಿನಲ್ಲಿ ಕೊಂಡದ್ದು, ಕೇಂದ್ರದ್ದು, ಕೇಂದ್ರದವರು ಕೇಳಿದರೆ ಕೊಡುವುದಿಲ್ಲ ಎನ್ನಲು ತಾನು ಯಾರು ಎಂದು ವಾದ ಹುಟ್ಟಿಕೊಂಡಿತು. ಇನ್ನೊಬ್ಬರು ತೊಟ್ಟರೆ ನರಿ ಮೋಸ ಹೋಗುತ್ತದೆಯೇ, ನಡಿಗೆ ಬೇರೆ, ಎತ್ತರ ಬೇರೆ, ಮೈಯ ವಾಸನೆ ಬೇರೆ, ಓಡಿಹೋಗುತ್ತದೆ, ಖಂಡಿತ ಓಡಿಹೋಗುತ್ತದೆ ಎಂದು ಇನ್ನೊಂದು ವಾದ. ಚೀಲದ ಗಂಟು ಬಿಚ್ಚಿ ಅಂಗಿ ಹೊರತೆಗೆದ. ಲೀಲಾ ಅದನ್ನು ತೋಳು ಒಳಗೆ ಮಡಚಿ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚೊಕ್ಕವಾಗಿ ಮಡಿಸಲು ಅವನಿಗೆ ಕಲಿಸಿಕೊಟ್ಟಿದ್ದಳು. ಆ ಮಡಿಕೆ ಕೆಡದ ಹಾಗೆ ಮೇಜಿನ ಮೇಲಿಟ್ಟ.

ತೊಟ್ಟುಕೊಂಡವನು ಸತಬೀರ್ ಎಂಬ ಬಲೆಯವರ ಮುಖ್ಯಸ್ಥ. ಎದೆಯ ಗುಂಡಿ ಹಾಕಲು ಆಗದೆ ಹಾಗೇ ಬಿಟ್ಟುಕೊಂಡು, ತನ್ನ ಜೊತೆಯವರಿಗೆ ತೋರಿಸಿ ನಗಿಸುತ್ತ, ಸೈಂಟಿಸ್ಟ್ ಬನ್ ಗಯಾ ಎಂದ. ಮುರಳೀಧರ ಜಗಲಿಯ ಕಂಬಕ್ಕೆ ಒರಗಿ, ತನಗೂ ಅದಕ್ಕೂ ಸಂಬಂಧವಿಲ್ಲದವನ ಹಾಗೆ ನಿಂತಿದ್ದ. ಸತಬೀರ್ ಬಂದು ಮರ್ಯಾದೆಯಿಂದಲೇ, ಸಾಬ್, ಆಪ್ ಕುಛ್ ಆವಾಜ್ ಭೀ ಕರ್ತೇ ಹೈಂ ನ ಎಂದು ಆ ಸದ್ದಿನ ಬಗ್ಗೆ ಕೇಳಿದ. ಇವನು ಗುಡ್ಡದ ಕಡೆ ಮುಖ ತಿರುಗಿಸಿದ. ಗೇಟಿನ ಕಾವಲುಗಾರ ತನಗೆ ಗೊತ್ತು ಎಂದು ಬಾಯಿ ಹಾಕಿ ಮಾಡಿ ತೋರಿಸಿದ. ಸತಬೀರ್ ಅದನ್ನು ಕಲಿತು ಟಕ್ ಟಕ್ ಟಕ್ ಎಂದ, ಒಂದರ ಹಿಂದೆ ಒಂದು, ಕುದುರೆ ಓಡಿಸುವವರ ಹಾಗೆ. ಮತ್ತೆ ಹಾಗೇ ಮಾಡಿದ. ಇನ್ನೊಮ್ಮೆ ಮಾಡಿದ. ಮೂರು ಚಳಿಗಾಲ ಕೂತು ತಾನು ಕಟ್ಟಿದ್ದನ್ನು ಈ ಮನುಷ್ಯ ಹೀಗೆ ಹೊಲಸು ಮಾಡುತ್ತಿದ್ದಾನಲ್ಲ ಎಂದು ಮುರಳೀಧರನ ಮೈ ಉರಿಯಿತು. ಹೀಗೇ ಮಾಡಲಿ, ಹೀಗೇ ತಪ್ಪು ಮಾಡಿಕೊಂಡು ಹೋಗಲಿ, ಅದು ಕಿವಿ ನಿಮಿರಿಸಿ ಎದ್ದು ಓಡಲಿ ಎಂದು ಒಳಗೊಂದು ದನಿ ಸ್ಪಷ್ಟವಾಗಿ ಹೇಳಿತು. ಅದನ್ನು ಅವನು ಕೇಳಿಸಿಕೊಂಡ. ಕೇಳಿಸಿಕೊಂಡೂ ಬಾಯಿ ತೆರೆದ.

“ಐಸೇ ನಹೀಂ. ದೋ ಕೇ ಬಾದ್ ರುಕನಾ ಹೈ.”

ಎರಡರ ಬಳಿಕ ತಡೆಯಬೇಕು ಎಂದು ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸಿದ. ಟಕ್ ಟಕ್. ತಡೆದ. ಟಕ್. ಸತಬೀರ್ ಮಾಡಿದ, ತಡೆ ಸಾಲಲಿಲ್ಲ. ಥೋಡಾ ಔರ್ ಎಂದ ಇವನು. ಈ ಸಲ ಸರಿಯಾಗಿ ಬಂತು. ಹಾಂ, ಬಸ್, ಐಸೇ ಎಂದು ತಲೆಯಾಡಿಸಿದ, ಹೊಸ ವಿದ್ಯಾರ್ಥಿಗಳಿಗೆ ತಲೆಯಾಡಿಸುತ್ತಿದ್ದ ಹಾಗೇ. ಅವರೆಲ್ಲ ಬಲೆ ಸುತ್ತಿಕೊಂಡು ಗುಡ್ಡದ ಕಡೆ ಹೊರಟು, ನೀಲಿ ಅಂಗಿಯ ಬೆನ್ನು ಜಾಲಿಯ ನಡುವೆ ಕಾಣದಂತಾದ ಮೇಲೆಯೇ ತಾನು ಏನು ಮಾಡಿದೆ ಎಂಬುದು ಅವನಿಗೆ ಪೂರ್ತಿ ತಿಳಿದದ್ದು. ಓಡಿಹೋಗಿ ಕೂಗಬಹುದಿತ್ತು. ಒಂದು ಕೂಗು ಸಾಕಿತ್ತು. ಅದರ ಬದಲು ತನ್ನ ಕೈ ಖಾಲಿ ಇದೆ ಎಂದು ಅವನಿಗೆ ಅನಿಸಿತು. ನಲ್ಲಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಕಳೆದ ವಾರ ಆಯ್ದು ತಂದ ನರಿ ಹಿಕ್ಕೆಯನ್ನು ಜರಡಿಗೆ ಹಾಕಿ ನೀರು ಬಿಟ್ಟ.

ಹಿಕ್ಕೆ ಕರಗಿದರೆ ಉಳಿಯುವುದರಲ್ಲಿ ಅವು ತಿಂದದ್ದೆಲ್ಲ ಇರುತ್ತದೆ. ಬೋರೆಹಣ್ಣಿನ ಬೀಜ, ಇಲಿಯ ಕೂದಲು, ಜೀರುಂಡೆಯ ರೆಕ್ಕೆ. ಈ ಸಲ ಜರಡಿಯ ತಳದಲ್ಲಿ ಗುಟ್ಕಾ ಪೊಟ್ಟಣದ ಒಂದು ಹೊಳೆಯುವ ಚೂರೂ, ದಾರದ ತುಂಡೂ ಇತ್ತು. ಹೌದು, ಅದು ಶೆಡ್ಡುಗಳ ಕಡೆ ಹೋಗಿತ್ತು. ತನ್ನನ್ನು ನಂಬಿದ ಹಾಗೆ ಎಲ್ಲರನ್ನೂ ನಂಬಿ ಹೋಗಿತ್ತು. ಮನುಷ್ಯರೆಲ್ಲ ಒಂದೇ ಥರ, ಬಂದು ಕೂತು ಎದ್ದು ಹೋಗುತ್ತಾರೆ ಎಂದು ಅದಕ್ಕೆ ಹೇಳಿಕೊಟ್ಟದ್ದು ಯಾರು? ಚಳ್ಳಕೆರೆಯ ಮನೆಯಲ್ಲಿ ಚಿಕ್ಕಂದಿನಲ್ಲಿ ಅವ್ವ ಕೋಳಿಗಳನ್ನು ಬಾ ಬಾ ಎಂದು ಕರೆಯುತ್ತಿದ್ದಳು; ಕಾಳು ಹಾಕುವ ದಿನಕ್ಕೂ ಕುಯ್ಯುವ ದಿನಕ್ಕೂ ದನಿಯಲ್ಲಿ ಒಂಚೂರೂ ವ್ಯತ್ಯಾಸ ಇರುತ್ತಿರಲಿಲ್ಲ. ಆದರೆ ಅವ್ವ ಆಮೇಲೆ ಕೋಳಿಯ ಮೇಲೆ ಪ್ರಬಂಧ ಬರೆಯುತ್ತಿರಲಿಲ್ಲ, ತಾನು ಅದಕ್ಕೆ ಏನೂ ಮಾಡುವವಳಲ್ಲ ಎಂದೂ ಹೇಳಿಕೊಳ್ಳುತ್ತಿರಲಿಲ್ಲ. ಅವನು ಬೀಜಗಳನ್ನು ಒಂದು ಕಡೆ, ಕೂದಲನ್ನು ಒಂದು ಕಡೆ ಬೇರ್ಪಡಿಸಿದ. ಗೌಜಲಹಕ್ಕಿಗಳು ಬೇಲಿಯ ಬುಡದಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದವು. ಗುಡ್ಡದ ಕಡೆಯಿಂದ ಯಾವ ಗಲಾಟೆಯೂ ಕೇಳಲಿಲ್ಲ, ಕಿರುಚಾಟ ಇಲ್ಲ, ಓಡಾಟ ಇಲ್ಲ. ಆ ನಿಶ್ಶಬ್ದವೇ ಅವನಿಗೆ ಎಲ್ಲವನ್ನೂ ಹೇಳಿತು.

ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅವರು ಬಂದರು. ಗಂಡು ನರಿ ಕೈಗೆ ಸಿಗಲಿಲ್ಲವಂತೆ. ಮರಿಗಳನ್ನು ಬಿಲ ಅಗೆದು ಗೋಣಿಚೀಲಕ್ಕೆ ಹಾಕಿದ್ದರು, ಚೀಲ ಅಲ್ಲಲ್ಲಿ ಉಬ್ಬಿ ಇಳಿಯುತ್ತಿತ್ತು. ಹರಕುಗಿವಿ ಪಂಜರದಲ್ಲಿತ್ತು. ಬಹಳ ಸುಲಭವಾಯಿತು ಸಾಬ್, ಎದ್ದೇಳಲೇ ಇಲ್ಲ, ಬಲೆ ಬಿದ್ದ ಮೇಲೂ ನನ್ನ ಮುಖವನ್ನೇ ನೋಡುತ್ತಿತ್ತು ಎಂದು ಸತಬೀರ್ ಕೇಶವಮೂರ್ತಿಗಳಿಗೆ ವರದಿ ಒಪ್ಪಿಸಿದ. ಅಷ್ಟರಲ್ಲಿ ಆ ಅಧಿಕಾರಿ ಬಿಳಿ ಕಾರಿನಿಂದ ಇಳಿದರು. ಕಪ್ಪು ಕನ್ನಡಕ, ಕೈಯಲ್ಲಿ ಕರ್ಚೀಫು. ಪಂಜರದಿಂದ ದೂರ ನಿಂತೇ ನೋಡಿದರು. ನರಿ ಜಾಲರಿಗೆ ಹಾಯಲಿಲ್ಲ, ಅದನ್ನು ಕಚ್ಚಲಿಲ್ಲ. ಮುಂಗಾಲು ಚಾಚಿ ಮಲಗಿ, ತಲೆಯನ್ನು ನೀಲಿ ಅಂಗಿಯ ಕಡೆ ಇಟ್ಟುಕೊಂಡಿತ್ತು. ಸತಬೀರ್ ಆಚೆ ಹೋದರೆ ಆಚೆ, ಈಚೆ ಬಂದರೆ ಈಚೆ ಅದರ ಕಣ್ಣು ಹೋಗುತ್ತಿತ್ತು. ಮುರಳೀಧರ ಹತ್ತಿರ ಹೋದ. ಅವನ ಮೈಮೇಲೆ ಲೀಲಾ ಸೋಪು ಹಾಕಿ ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿದ ಬಿಳಿಯ ಶರ್ಟು ಇತ್ತು. ಹರಕುಗಿವಿಯ ಬೆನ್ನಿನ ಕೂದಲು ನೆಟ್ಟಗಾಯಿತು. ತುಟಿ ಮೇಲಕ್ಕೆ ಸರಿದು ಹಲ್ಲು ಕಂಡಿತು, ಮೈಯನ್ನು ಪಂಜರದ ಹಿಂಬದಿಗೆ, ಸತಬೀರ್ ನಿಂತಿದ್ದ ಕಡೆಗೆ ಒತ್ತಿಕೊಂಡಿತು.

ಅವನು ನಾಲಗೆಯನ್ನು ಅಂಗುಳಕ್ಕೆ ತಾಗಿಸಿದ. ಬಾಯಿ ಒಣಗಿಹೋಗಿತ್ತು, ಸದ್ದು ಬರಲಿಲ್ಲ.

ಅಧಿಕಾರಿ ಅವನನ್ನು ನೋಡಿ, ಈ ವಿಷಯದಲ್ಲಿ ಎಕ್ಸ್‌ಪರ್ಟ್ ನೀವೇನಾ ಎಂದು ಹಿಂದಿಯಲ್ಲಿ ಕೇಳಿದರು. ಕೇಶವಮೂರ್ತಿಗಳು, ಹೌದು, ಹೌದು, ನಮ್ಮ ಮುರಳೀಧರ, ಇವರಷ್ಟು ನರಿಗಳನ್ನು ತಿಳಿದವರು ಈ ಕಡೆ ಇಲ್ಲ ಎಂದರು. ಆರು ವರ್ಷದಿಂದ ಅವನು ಕಾದಿದ್ದ ಮಾತು ಅದು, ಹೊರಗಿನವರ ಎದುರಿಗೆ, ಪೂರ್ತಿ ಹೆಸರಿನ ಸಮೇತ. ಅಧಿಕಾರಿ ಪಂಜರದ ಕಡೆ ಕರ್ಚೀಫು ತೋರಿಸಿದರು.

“ನಾರ್ಮಲ್ ಗೀದಡ್ ಐಸಾ ಕರ್ತಾ ಹೈ ಕ್ಯಾ? ಆದಮೀ ಕೋ ದೇಖ್ ಕರ್ ಚುಪ್‌ಚಾಪ್ ಲೇಟಾ ರಹೇಗಾ?”

ನಾರ್ಮಲ್ ನರಿ ಹೀಗೆ ಮನುಷ್ಯರನ್ನು ಕಂಡು ಸುಮ್ಮನೆ ಮಲಗಿರುತ್ತದೆಯೇ? ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಸರಿಯಾದ ಉತ್ತರ ಅವನ ಗ್ರಾಫಿನಲ್ಲೇ ಇತ್ತು, ಎಡತುದಿಯ ಮೊದಲ ಚುಕ್ಕಿಗಳಲ್ಲಿ. ಕೇಶವಮೂರ್ತಿಗಳು ನೆಲ ನೋಡುತ್ತಿದ್ದರು. ಇನ್ನೊಂದು ವಾಕ್ಯ ಕೂಡಿಸಬೇಕಾಗಿತ್ತು, ಇದು ನಾರ್ಮಲ್ ಅಲ್ಲ, ನಾವು ಹೀಗೆ ಮಾಡಿದ್ದೇವೆ ಎಂಬಷ್ಟೇ. ಆ ಎರಡನೆಯ ಅರ್ಧ ಅವನ ಗಂಟಲಿನಲ್ಲಿ ತಯಾರಾಗಿಯೇ ಇತ್ತು. ಆದರೆ ಕೇಳಿದ್ದಕ್ಕೆ ಉತ್ತರ, ಅದರಾಚೆ ಒಂದಕ್ಷರ ಇಲ್ಲ ಎಂಬುದು ಅವನು ಆ ಕೇಂದ್ರದಲ್ಲಿ ಕಲಿತ ಶಿಸ್ತು.

“ನಹೀಂ ಸರ್,” ಎಂದ. “ನಾರ್ಮಲ್ ಐಸಾ ನಹೀಂ ಕರ್ತಾ.”

ಅಧಿಕಾರಿ ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆ ತೂಗಿದರು. ಹಾಗಿದ್ದರೆ ದೂರ ಬಿಡುವ ಪ್ರಶ್ನೆಯೇ ಇಲ್ಲ, ಹುಚ್ಚು ಹೌದೋ ಅಲ್ಲವೋ ತಿಳಿಯಬೇಕಾದರೆ ಮಿದುಳನ್ನೇ ಪರೀಕ್ಷೆ ಮಾಡಬೇಕು, ಡಾಕ್ಟರು ನೋಡಿಕೊಳ್ಳುತ್ತಾರೆ ಎಂದರು. ಅದಕ್ಕೆ ಅದನ್ನು ಮೊದಲು ಕೊಲ್ಲಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರಿಗಳು ಎಂದ ಮುರಳೀಧರ, ಯಾರಿಗೂ ಕೇಳದ ಹಾಗೆ. ಸತಬೀರ್ ಅಂಗಿ ಬಿಚ್ಚಿ ತಂದು ಕೊಟ್ಟ; ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು, ಅದಕ್ಕೆ ಕ್ಷಮೆ ಕೇಳಿದ. ನೀಲಿ ಬಣ್ಣ ಅವನ ಮೈಯಿಂದ ಕಳಚಿದ ಕೂಡಲೇ ಪಂಜರದೊಳಗೆ ಹರಕುಗಿವಿ ಎದ್ದು ನಿಂತು ಸುತ್ತಲೂ ನೋಡಿತು, ಆಮೇಲೆ ಜಾಲರಿಗೆ ಹಾಯತೊಡಗಿತು. ಅಧಿಕಾರಿ ನೋಡಿ ನೋಡಿ ಎಂದು ಕಾರಿನತ್ತ ಸರಿದರು. ಟೆಂಪೊ ಹೊರಟಿತು. ಕೇಶವಮೂರ್ತಿಗಳು ಅವನ ಬಳಿ ಬಂದು, ಮನೆಗೆ ಹೋಗಿ ರೆಸ್ಟ್ ತೊಗೊಳ್ಳಿ ಮುರಳಿ, ಒಂದಿನ ಊಟಕ್ಕೆ ಬನ್ನಿ ಎಲ್ಲರೂ, ನಮ್ಮನೆಯವರು ಕೇಳ್ತಾ ಇರ್ತಾರೆ ಎಂದರು. ಕನ್ನಡದಲ್ಲೇ ಹೇಳಿದರು. ಅವರಿಗೆ ಕೇಳುವುದು ಇನ್ನೂ ಏನೋ ಉಳಿದಿದೆ ಎಂದು ಅವನಿಗೆ ಅನಿಸಿತು, ಆದರೆ ಏನೂ ಇರಲಿಲ್ಲ.

ಅಂಗಿಯನ್ನು ಧೌಲಾ ಕುವಾಂನಲ್ಲಿ ಕಸದ ಡಬ್ಬಿಗೆ ಹಾಕಲು ಹೋದ, ಹಾಕಲು ಆಗಲಿಲ್ಲ. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯಿಂದ ಲೀಲಾ ಮಕ್ಕಳಿಗೆ ಮಗ್ಗಿ ಹೇಳಿಸುವುದು ಕೇಳುತ್ತಿತ್ತು. ಬಾಗಿಲ ಮುಂದೆ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, ಬೆಲ್ ಒತ್ತಿದ. ಒಳಗಿನ ಟೀವಿಯ ಸದ್ದು ನಿಂತಿತು. ಕೌನ್ ಹೈ ಎಂದಳು ಸಿಂಧೂರ. ನಾನು ಎಂದ. ಅವನ ದನಿ ಅವನಿಗೇ ಬೇರೆ ಯಾರದೋ ಹಾಗೆ ಕೇಳಿಸಿತು.

“ಅಪ್ಪಾ ಹೋ ತೋ ಟಕ್ ಟಕ್ ಕರೋ.”

ಅವನು ಮಾಡಲಿಲ್ಲ. ಅಪ್ಪನಿಗೆ ಮರೆತುಹೋಗಿರಬೇಕು ಎಂದುಕೊಂಡು ಅವಳೇ ಬಾಗಿಲಿಗೆ ಬಾಯಿ ಹಚ್ಚಿ ಒಳಗಿನಿಂದ ಮಾಡಿ ತೋರಿಸಿದಳು. ಟಕ್ ಟಕ್. ತಡೆದಳು, ಎಷ್ಟು ತಡೆಯಬೇಕೋ ಅಷ್ಟೇ. ಟಕ್. ಮರದ ಆಚೆ ಅವಳ ಕೈ ಆಗಲೇ ಕೆಳಗಿನ ಅಗುಳಿಯ ಮೇಲಿದೆ, ಅದನ್ನು ಸರಿಸಲು ಕಾದಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

“ಪುಟ್ಟಿ, ಆ ಸದ್ದು ಮಾಡಿದೋರಿಗೆ ಇನ್ಮೇಲೆ ಬಾಗಿಲು ತೆಗೀಬಾರದು.”

“ಆಪ್ ಕರೋಗೇ ತೋ ಭೀ?”

“ನಾನು ಮಾಡಿದ್ರೂ ತೆಗೀಬಾರದು.”

ಒಳಗೆ ಸ್ಟೂಲು ಎಳೆದ ಸದ್ದು ಬಂತು, ಅವಳು ಅದರ ಮೇಲೆ ಹತ್ತಿ ಮೇಲಿನ ಚಿಲಕವನ್ನೂ ಹಾಕಿಕೊಂಡಳು.